ವರ್ಷಕ್ಕೊಂದು ಘಳಿಗೆ

ಮಕರ ಸಂಕ್ರಾಂತಿಯ ದಿನ ಸಂಜೆ ಬೆಂಗಳೂರಿನ ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಜನಸಂದಣಿ ಸೇರುವುದನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಪಶ್ಚಿಮಕ್ಕೆ ಇಳಿಯುತ್ತಿರುವ ಸೂರ್ಯನ ಕಿರಣವು ಕಿಟಕಿಯ ಮೂಲಕ ಒಳಹೊಕ್ಕು, ನಂದಿಯ ಕೊಂಬುಗಳ ನಡುವೆ ಹಾದು, ಗುಹೆಯೊಳಗಿನ ಲಿಂಗವನ್ನು ಮುಟ್ಟುವುದು. ಸೂರ್ಯನೇ ಬಂದು ಪೂಜೆ ಸಲ್ಲಿಸಿ ಹೋದನೆಂದು ಭಕ್ತರು ಕೈಮುಗಿದು ಹಿಂದಿರುಗುವರು. ಈ ನೋಟವನ್ನು ಮುಂದಿಟ್ಟುಕೊಂಡು ನಾವು ಎರಡು ಪ್ರಶ್ನೆಗಳನ್ನು ಕೇಳಬಹುದು. ಈ ಸಂಕ್ರಾಂತಿಯಿಂದ ಮುಂದಿನ ಸಂಕ್ರಾಂತಿಗೆ ಎಷ್ಟು ಕಾಲ? ಈ ಬೆಳಕು ಲಿಂಗವನ್ನು ಮುಟ್ಟಿದ ಮೇಲೆ, ಸೂರ್ಯನು ಒಂದು ಸುತ್ತು ಮುಗಿಸಿ ಅದೇ ಎಡೆಯಿಂದ ಮರಳಿ ಅದೇ ರೀತಿಯಲ್ಲಿ ಬೆಳಕು ಚೆಲ್ಲುವುದಕ್ಕೆ ಎಷ್ಟು ಕಾಲ? ಎರಡಕ್ಕೂ ಒಂದೇ ಉತ್ತರವೆಂದು ನಾವೆಲ್ಲರೂ ನಂಬಿದ್ದೇವೆ. ಹಾಗಿಲ್ಲ. ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಒಂದು ಘಳಿಗೆಯಷ್ಟು ದೊಡ್ಡದು. ಈ ಒಂದು ಘಳಿಗೆಯು ಎಲ್ಲಿಂದ ಬಂದಿತು, ಅದರಿಂದ ನಮಗೆ ಒದಗುವುದೇನು, ಎಂಬುದೇ ಇಂದಿನ ನಮ್ಮ ವಿಚಾರ.

ಕಾಲವನ್ನು ಅಳೆಯುವುದಕ್ಕೆ ಪ್ರಕೃತಿಯು ನಮಗೆ ಮೂರು ಕೋಲುಗಳನ್ನು ಕೊಟ್ಟಿದೆ: ದಿನ, ತಿಂಗಳು, ವರ್ಷ. ದಿನವು ಭೂಮಿಯು ತನ್ನ ಸುತ್ತ ತಾನು ತಿರುಗುವುದರಿಂದ ಆಗುವುದು; ತಿಂಗಳು ಚಂದ್ರನಿಂದ; ವರ್ಷವು ಭೂಮಿಯು ಸೂರ್ಯನನ್ನು ಸುತ್ತುವುದರಿಂದ. ತೊಂದರೆಯೇನೆಂದರೆ, ಒಂದು ಕೋಲಿನಿಂದ ಇನ್ನೊಂದನ್ನು ಅಳೆದರೆ ಯಾವುದೂ ಸರಿಯಾಗಿ ಮುಗಿಯುವುದಿಲ್ಲ. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ ೩೫೪ ದಿನಗಳು ಮಾತ್ರ. ಋತುಗಳ ಸುತ್ತಿಗೆ ಇನ್ನೂ ಹನ್ನೊಂದು ದಿನಗಳು ಬೇಕು. ಚಾಂದ್ರಮಾನದ ಯುಗಾದಿಯನ್ನು ಆಚರಿಸುವ ನಾವು ಈ ಕೊರತೆಯನ್ನು ಅಧಿಕ ಮಾಸದಿಂದ ತುಂಬುತ್ತೇವೆ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕ ಮಾಸಗಳು ಬಂದರೆ ಲೆಕ್ಕವು ಬಹುಮಟ್ಟಿಗೆ ಸರಿಹೋಗುವುದು. ತುಳುನಾಡಿನವರು ಸೌರಮಾನವನ್ನು ಹಿಡಿದು, ಸೂರ್ಯನು ಮೇಷವನ್ನು ಸೇರಿದಾಗ ಬಿಸುಹಬ್ಬವನ್ನು ಆಚರಿಸುವರು. ಯಾವ ಮಾನವನ್ನು ಹಿಡಿದರೂ ಕೊನೆಗೆ ಸೂರ್ಯನ ವರ್ಷವೇ ಆಧಾರ. ಆದುದರಿಂದ ಅದರ ಉದ್ದವನ್ನು ತಿಳಿಯದೆ ಪಂಚಾಂಗವಿಲ್ಲ.

ಸೂರ್ಯನು ಹೊರಟ ಸ್ಥಳಕ್ಕೆ ಮರಳಿ ಬರುವುದಕ್ಕೆ ಹಿಡಿಯುವ ಕಾಲವೇ ವರ್ಷ ಎಂದು ಹೇಳಿಬಿಡುವುದು ಸುಲಭ. ನಿಜವಾಗಿ ಸುತ್ತುವುದು ಭೂಮಿ. ಆದರೆ ನಮ್ಮ ಕಣ್ಣಿಗೆ ಸೂರ್ಯನೇ ನಕ್ಷತ್ರಗಳ ನಡುವೆ ಸಂಚರಿಸುವಂತೆ ಕಾಣುವುದರಿಂದ ಹಾಗೆ ಹೇಳುವ ವಾಡಿಕೆಯುಂಟು. ಹಾಗಾದರೆ ‘ಹೊರಟ ಸ್ಥಳ’ ಎಂದರೆ ಯಾವುದು? ಇಲ್ಲಿ ಒಂದು ದೃಷ್ಟಾಂತವನ್ನು ಕೊಡಬಹುದು. ಗುಡಿಯಲ್ಲಿ ಪ್ರದಕ್ಷಿಣೆ ಬರುವವನೊಬ್ಬನು ಧ್ವಜಸ್ತಂಭದ ಬಳಿಯಿಂದ ಹೊರಡುತ್ತಾನೆ. ಅದೇ ಸ್ತಂಭದ ಬಳಿ ನಿಂತಿದ್ದ ಅವನ ಸ್ನೇಹಿತನು ಅದೇ ಕ್ಷಣದಲ್ಲಿ ಎದುರು ದಿಕ್ಕಿಗೆ ಬಹು ನಿಧಾನವಾಗಿ ಒಂದೆರಡು ಹೆಜ್ಜೆ ಇಡುತ್ತಾನೆ. ಪ್ರದಕ್ಷಿಣೆ ಬಂದವನು ಮೊದಲು ಸ್ನೇಹಿತನನ್ನು ಕಾಣುವನು. ಆಮೇಲೆ ಸ್ತಂಭವನ್ನು ಸೇರುವನು. ಸುತ್ತು ಮುಗಿದುದು ಯಾವಾಗ? ಸ್ತಂಭವನ್ನು ಗುರುತಾಗಿಟ್ಟುಕೊಂಡರೆ ಒಂದು ಉತ್ತರ, ಸ್ನೇಹಿತನನ್ನು ಗುರುತಾಗಿಟ್ಟುಕೊಂಡರೆ ಮತ್ತೊಂದು.

ಆಕಾಶದಲ್ಲಿ ಸ್ತಂಭವೆಂದರೆ ನಕ್ಷತ್ರಗಳು. ಸ್ನೇಹಿತನೆಂದರೆ ವಿಷುವ ಬಿಂದು. ಎಂದರೆ, ಹಗಲು ರಾತ್ರಿಗಳು ಸಮವಾಗುವ ದಿನ ಸೂರ್ಯನು ಇರುವ ಸ್ಥಾನ. ಈ ಬಿಂದುವು ನಕ್ಷತ್ರಗಳ ನಡುವೆ ಸ್ಥಿರವಾಗಿಲ್ಲ. ಸೂರ್ಯನ ಸಂಚಾರಕ್ಕೆ ಎದುರಾಗಿ ವರ್ಷಕ್ಕೆ ಸುಮಾರು ೫೦ ವಿಕಲೆಗಳಷ್ಟು ಅದು ಹಿಂದಕ್ಕೆ ಸರಿಯುತ್ತಿದೆ. ಇದನ್ನೇ ನಮ್ಮವರು ಅಯನಚಲನವೆಂದು ಕರೆದರು. ಇದರ ಕಾರಣವು ಭೂಮಿಯ ಆಕಾರದಲ್ಲಿದೆ. ಭೂಮಿಯು ನಡುವಿನಲ್ಲಿ ಸ್ವಲ್ಪ ಉಬ್ಬಿದೆ; ಆ ಉಬ್ಬನ್ನು ಚಂದ್ರಸೂರ್ಯರು ಸೆಳೆಯುತ್ತಿರುವುದರಿಂದ, ಓಲಾಡುವ ಬುಗುರಿಯ ಮೊಳೆಯಂತೆ ಭೂಮಿಯ ಅಕ್ಷವು ನಿಧಾನವಾಗಿ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು ೨೫,೮೦೦ ವರ್ಷಗಳು ಬೇಕು.

ಹೀಗೆ ವರ್ಷಗಳು ಎರಡಾದುವು. ವಿಷುವದಿಂದ ವಿಷುವಕ್ಕೆ ಎಣಿಸಿದರೆ ಸಾಯನ ವರ್ಷ. ಅದರ ಸರಾಸರಿ ಉದ್ದ ೩೬೫ ದಿನ ೫ ಗಂಟೆ ೪೮ ನಿಮಿಷ ೪೫ ಸೆಕೆಂಡು. ನಕ್ಷತ್ರದಿಂದ ಅದೇ ನಕ್ಷತ್ರಕ್ಕೆ ಎಣಿಸಿದರೆ ನಾಕ್ಷತ್ರ ವರ್ಷ, ಅಥವಾ ನಿರಯನ ವರ್ಷ. ಅದರ ಉದ್ದ ೩೬೫ ದಿನ ೬ ಗಂಟೆ ೯ ನಿಮಿಷ ೧೦ ಸೆಕೆಂಡು. ಎರಡಕ್ಕೂ ಅಂತರ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು. ಬೇಸಗೆ, ಮಳೆ, ಚಳಿಗಳು ಸಾಯನ ವರ್ಷವನ್ನು ಅನುಸರಿಸುವುವು. ಸೂರ್ಯನ ಕಿರಣವು ಓರೆಯಾಗಿ ಬೀಳುವುದೋ ನೇರವಾಗಿ ಬೀಳುವುದೋ ಎಂಬುದು ವಿಷುವಕ್ಕೆ ಸೇರಿದ ವಿಷಯವೇ ಹೊರತು ನಕ್ಷತ್ರಗಳಿಗೆ ಸೇರಿದುದಲ್ಲ. ನಮ್ಮ ಸಂಕ್ರಾಂತಿಗಳಾದರೋ ರಾಶಿಗಳಿಗೆ, ಎಂದರೆ ನಕ್ಷತ್ರಗಳಿಗೆ, ಸೇರಿದುವು.

ಇನ್ನು ಇದನ್ನು ಅಳೆಯುವ ಬಗೆ. ದೊಡ್ಡ ಯಂತ್ರಗಳೇನೂ ಬೇಡ. ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕೋಲು ಸಾಕು. ಪ್ರಾಚೀನರು ಇದನ್ನು ಶಂಕುವೆಂದು ಕರೆದು, ಹನ್ನೆರಡು ಅಂಗುಲಗಳ ಎತ್ತರಕ್ಕೆ ಮಾಡಿಕೊಳ್ಳುತ್ತಿದ್ದರು. ದಿನದಿನವೂ ನಡುಹಗಲಿನಲ್ಲಿ ಅದರ ನೆರಳನ್ನು ಅಳೆಯಬೇಕು. ಬೆಂಗಳೂರಿನಲ್ಲಿ ವಿಷುವದ ದಿನ ಈ ನೆರಳು ಉತ್ತರಕ್ಕೆ ಸುಮಾರು ಎರಡು ಮುಕ್ಕಾಲು ಅಂಗುಲ ಬೀಳುವುದು. ಏಪ್ರಿಲ್ ೨೪ರ ಸುಮಾರಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬಂದು ನೆರಳೇ ಇಲ್ಲವಾಗುವುದು. ಆಮೇಲೆ ನೆರಳು ದಕ್ಷಿಣಕ್ಕೆ ತಿರುಗುವುದು; ಆಗಸ್ಟ್ ೧೮ರ ಸುಮಾರಿನಲ್ಲಿ ಮತ್ತೊಮ್ಮೆ ಮರೆಯಾಗಿ ಉತ್ತರಕ್ಕೆ ಬರುವುದು. ಡಿಸೆಂಬರ್ ೨೧ ಅಥವಾ ೨೨ರಂದು ಅದು ಎಲ್ಲಕ್ಕಿಂತ ಉದ್ದವಾಗಿ, ಅಲ್ಲಿಂದ ಹಿಂದಿರುಗುವುದು. ನಿಜವಾದ ಉತ್ತರಾಯಣದ ಆರಂಭವು ಅದೇ.

ಆದರೆ ಇಲ್ಲಿ ಒಂದು ತೊಡಕುಂಟು. ಅಯನದ ದಿನಗಳಲ್ಲಿ ಸೂರ್ಯನು ದಕ್ಷಿಣೋತ್ತರವಾಗಿ ಬಹುಮಟ್ಟಿಗೆ ನಿಂತೇ ಬಿಟ್ಟಿರುತ್ತಾನೆ. ಅಯನದ ಕ್ಷಣದಿಂದ ಒಂದು ಪೂರ್ಣ ದಿನ ಕಳೆದರೂ ಅವನು ಸರಿಯುವ ದೂರವು ಅವನ ಬಿಂಬದ ಅಗಲದಲ್ಲಿ ನೂರರಲ್ಲೊಂದು ಪಾಲೂ ಇರುವುದಿಲ್ಲ. ನೆರಳನ್ನು ನೋಡಿ ‘ಇದೇ ಆ ದಿನ’ ಎಂದು ಹೇಳುವುದು ಹೇಗೆ? ವಿಷುವದ ದಿನಗಳಲ್ಲಿಯಾದರೋ ಅವನು ದಿನವೊಂದಕ್ಕೆ ತನ್ನ ಬಿಂಬದ ಮುಕ್ಕಾಲು ಪಾಲಿನಷ್ಟು ಸರಿಯುವನು. ಆಗ ಅಳತೆಯು ಸುಲಭ. ಅಯನವನ್ನೇ ಅಳೆಯಬೇಕೆಂದರೆ, ಅದಕ್ಕೆ ಹಲವು ದಿನಗಳ ಮೊದಲು ಬಿದ್ದ ನೆರಳಿಗೆ ಸಮನಾದ ನೆರಳು ಆಮೇಲೆ ಯಾವ ದಿನ ಬೀಳುವುದೆಂದು ಕಾದು ನೋಡಿ, ನಡುವಣ ಕಾಲವನ್ನು ಎರಡಾಗಿ ಪಾಲುಮಾಡಬೇಕು.

ಇಷ್ಟಾದರೂ ಒಂದೆರಡು ಗಂಟೆಗಳ ತಪ್ಪು ಉಳಿಯುವುದು. ಅದನ್ನು ಕಳೆಯುವ ಉಪಾಯವು ಬಹು ಸರಳವಾದುದು; ಅದೇ ಈ ಶಾಸ್ತ್ರದ ಜೀವಾಳ. ಒಂದು ವರ್ಷವನ್ನು ಅಳೆಯಬೇಡಿ, ನೂರು ವರ್ಷಗಳನ್ನು ಅಳೆಯಿರಿ. ಹನ್ನೆರಡು ಗಂಟೆಗಳ ತಪ್ಪನ್ನು ನೂರರಿಂದ ಭಾಗಿಸಿದರೆ, ವರ್ಷವೊಂದಕ್ಕೆ ಏಳು ನಿಮಿಷಗಳ ತಪ್ಪು ಮಾತ್ರ ಉಳಿಯುವುದು. ಒಬ್ಬನ ಆಯುಸ್ಸು ಇದಕ್ಕೆ ಸಾಲದು. ತಾತನು ಕಂಡುದನ್ನು ಬರೆದಿಟ್ಟರೆ ತಾನೆ ಮೊಮ್ಮಗನು ಎಣಿಸಬಲ್ಲನು! ವರ್ಷದ ಉದ್ದವು ಒಬ್ಬ ವಿದ್ವಾಂಸನ ಶೋಧವಲ್ಲ. ತಲೆಮಾರುಗಳ ನಡುವಣ ನಂಬಿಕೆಯ ಫಲ.

ವೇದಾಂಗ ಜ್ಯೋತಿಷದಲ್ಲಿ ಐದು ವರ್ಷಗಳ ಯುಗಕ್ಕೆ ೧,೮೩೦ ದಿನಗಳು. ಎಂದರೆ ವರ್ಷಕ್ಕೆ ೩೬೬. ಯಜ್ಞಕಾಲಗಳನ್ನು ಗೊತ್ತುಮಾಡುವುದಕ್ಕೆ ಆ ಕಾಲದಲ್ಲಿ ಅಷ್ಟು ಸಾಕಾಗಿತ್ತು. ಗ್ರೀಕರಲ್ಲಿ ಹಿಪ್ಪಾರ್ಕಸನು, ಅರಿಸ್ಟಾರ್ಕಸನು ಕ್ರಿ. ಪೂ. ೨೮೦ರಲ್ಲಿ ಕಂಡ ಅಯನವನ್ನು ಕ್ರಿ. ಪೂ. ೧೩೫ರಲ್ಲಿ ತಾನು ಕಂಡುದರೊಡನೆ ಹೋಲಿಸಿದನು. ವರ್ಷವು ೩೬೫ ಕಾಲು ದಿನಕ್ಕಿಂತ ದಿನದ ಮುನ್ನೂರರಲ್ಲೊಂದು ಪಾಲು ಕಡಿಮೆಯೆಂದು ಅವನು ನಿರ್ಧರಿಸಿದನು. ತಪ್ಪು ಆರು ನಿಮಿಷಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮ ಚಿತ್ತಾ ನಕ್ಷತ್ರವನ್ನೂ ಅವನು ಪರೀಕ್ಷಿಸಿದನು. ಸುಮಾರು ನೂರ ಅರುವತ್ತು ವರ್ಷಗಳ ಹಿಂದೆ ಟಿಮೊಕಾರಿಸನಿಗೆ ಅದು ಶರದ್ವಿಷುವದಿಂದ ಎಂಟು ಅಂಶಗಳ ದೂರದಲ್ಲಿ ಕಂಡಿತ್ತು. ಹಿಪ್ಪಾರ್ಕಸನಿಗೆ ಆರೇ ಅಂಶಗಳ ದೂರದಲ್ಲಿ ಕಂಡಿತು. ಹಗಲಿನ ಸೂರ್ಯನ ಪಕ್ಕದಲ್ಲಿ ನಕ್ಷತ್ರವು ಕಾಣುವುದಿಲ್ಲವಾದುದರಿಂದ ಅವನು ಚಂದ್ರಗ್ರಹಣದ ನೆರವನ್ನು ಪಡೆದನು. ಗ್ರಹಣದ ಹೊತ್ತಿನಲ್ಲಿ ಸೂರ್ಯನು ಚಂದ್ರನಿಗೆ ನೇರವಾಗಿ ಎದುರಿರುವನಷ್ಟೆ. ಹೀಗೆ ಅಯನಚಲನವು ಮೊದಲು ಲೆಕ್ಕಕ್ಕೆ ಸಿಕ್ಕಿತು.

ನಮ್ಮಲ್ಲಿ ಆರನೆಯ ಶತಮಾನದ ವರಾಹಮಿಹಿರನು ಇದೇ ವಿಷಯವನ್ನು ಇನ್ನೊಂದು ಬಗೆಯಲ್ಲಿ ಕಂಡನು. ಹಿಂದಿನ ಶಾಸ್ತ್ರಗಳಲ್ಲಿ ಉತ್ತರಾಯಣವು ಧನಿಷ್ಠೆಯ ಆದಿಯಲ್ಲಿ ಎಂದಿದೆ. ಈಗ ಮಕರದ ಆದಿಯಲ್ಲಿ ಆಗುತ್ತಿದೆ ಎಂದು ತಿಳಿಸಿ, ಸಂಶಯವಿದ್ದರೆ ನೆರಳನ್ನು ನೋಡಿ ಪ್ರತ್ಯಕ್ಷವಾಗಿ ಪರೀಕ್ಷಿಸಬೇಕೆಂದು ಅವನು ಬೋಧಿಸಿದನು. ಶಾಸ್ತ್ರದ ಮಾತಿಗೂ ಕಣ್ಣಿನ ಸಾಕ್ಷಿಗೂ ಬೇರೆಯಾದಾಗ ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಆಪ್ತವಾಕ್ಯವು ನಮಗೆ ಬೇಕಿಲ್ಲ.

ಕ್ರಿ. ಶ. ೪೯೯ರ ಆರ್ಯಭಟನು ೪೩,೨೦,೦೦೦ ವರ್ಷಗಳ ಮಹಾಯುಗಕ್ಕೆ ೧,೫೭,೭೯,೧೭,೫೦೦ ದಿನಗಳೆಂದನು. ಭಾಗಿಸಿದರೆ ವರ್ಷಕ್ಕೆ ೩೬೫ ದಿನ ೬ ಗಂಟೆ ೧೨ ನಿಮಿಷ ೩೦ ಸೆಕೆಂಡು. ಸೂರ್ಯಸಿದ್ಧಾಂತದಲ್ಲಿ ಅದೇ ಯುಗಕ್ಕೆ ೩೨೮ ದಿನಗಳು ಹೆಚ್ಚು. ವರ್ಷವು ೩೬೫ ದಿನ ೧೫ ಘಳಿಗೆ ೩೧ ವಿಘಳಿಗೆಗೆ ತುಸು ಮೇಲೆ, ಎಂದರೆ ೩೬೫ ದಿನ ೬ ಗಂಟೆ ೧೨ ನಿಮಿಷ ೩೬ ಸೆಕೆಂಡು. ಇಂದಿನ ನಿಖರವಾದ ನಾಕ್ಷತ್ರ ವರ್ಷಕ್ಕಿಂತ ಇದು ಮೂರೂವರೆ ನಿಮಿಷಗಳಷ್ಟು ದೊಡ್ಡದು. ದೂರದರ್ಶಕವಿಲ್ಲದ ಕಾಲದ ಅಳತೆಯೆಂಬುದನ್ನು ನೆನೆದರೆ, ಈ ಮೂರೂವರೆ ನಿಮಿಷಗಳು ಆಶ್ಚರ್ಯಕ್ಕೆ ಕಾರಣವಾಗಬೇಕೇ ಹೊರತು ಹಳಿಯುವುದಕ್ಕಲ್ಲ.

ಪಶ್ಚಿಮದವರು ಹಿಡಿದುದು ಸಾಯನ ವರ್ಷವನ್ನು. ಕ್ರಿ. ಪೂ. ೪೫ರಲ್ಲಿ ಜೂಲಿಯಸ್ ಸೀಸರನು ೩೬೫ ಕಾಲು ದಿನಗಳ ವರ್ಷವನ್ನು ಬಳಕೆಗೆ ತಂದನು. ಅದು ಹನ್ನೊಂದು ನಿಮಿಷಗಳಷ್ಟು ದೊಡ್ಡದಾದುದರಿಂದ ೧೨೮ ವರ್ಷಗಳಿಗೆ ಒಂದು ದಿನ ತಪ್ಪುತ್ತ ಬಂದು, ಹದಿನಾರನೆಯ ಶತಮಾನದ ಹೊತ್ತಿಗೆ ಮಾರ್ಚ್ ೨೧ಕ್ಕೆ ಆಗಬೇಕಾದ ವಿಷುವವು ೧೧ಕ್ಕೆ ಆಗುತ್ತಿತ್ತು. ೧೫೮೨ರಲ್ಲಿ ಪೋಪ್ ಗ್ರೆಗರಿಯು ಅಕ್ಟೋಬರ್ ೪ರ ಮರುದಿನವನ್ನು ೧೫ ಎಂದು ಎಣಿಸುವಂತೆ ವಿಧಿಸಿ, ನಾನ್ನೂರು ವರ್ಷಗಳಲ್ಲಿ ಮೂರು ಅಧಿಕ ದಿನಗಳನ್ನು ಕಳೆದನು. ಈ ಹೊಸ ಲೆಕ್ಕವು ಸರಿಯೆ ಎಂದು ನೋಡುವುದಕ್ಕೆ ೧೬೫೫ರಲ್ಲಿ ಕ್ಯಾಸಿನಿ ಎಂಬ ಪಂಡಿತನು ಇಟಲಿಯ ಬೊಲೋನ್ಯ ನಗರದ ಸಾನ್ ಪೆಟ್ರೋನಿಯೊ ದೇವಾಲಯವನ್ನೇ ಯಂತ್ರವಾಗಿ ಮಾಡಿಕೊಂಡನು. ಸುಮಾರು ೨೭ ಮೀಟರ್ ಎತ್ತರದಲ್ಲಿ ಚಾವಣಿಗೆ ಒಂದು ರಂಧ್ರ. ಕೆಳಗೆ ನೆಲದ ಮೇಲೆ ಸುಮಾರು ೬೭ ಮೀಟರ್ ಉದ್ದದ ದಕ್ಷಿಣೋತ್ತರ ರೇಖೆ. ನಡುಹಗಲಿನ ಬಿಸಿಲಿನ ಬಿಲ್ಲೆಯು ಆ ರೇಖೆಯ ಮೇಲೆ ಎಲ್ಲಿ ಬೀಳುವುದೆಂದು ವರ್ಷಾನುವರ್ಷ ಗುರುತಿಸಿದರು. ಗವಿಪುರದ ಕಿಟಕಿಗೆ ಇದು ದೂರದ ನೆಂಟನೆಂದು ಹೇಳಬಹುದು.

ಈಗ ನಮ್ಮ ಘಳಿಗೆಗೆ ಬರೋಣ. ಸೂರ್ಯಸಿದ್ಧಾಂತದ ವರ್ಷದಿಂದ ಸಾಯನ ವರ್ಷವನ್ನು ಕಳೆದರೆ ಉಳಿಯುವುದು ೨೩ ನಿಮಿಷ ೫೧ ಸೆಕೆಂಡು. ಒಂದು ಘಳಿಗೆಗೆ ಒಂಬತ್ತೇ ಸೆಕೆಂಡು ಕಡಿಮೆ. ಅರುವತ್ತು ಘಳಿಗೆಗಳಿಗೆ ಒಂದು ದಿನ. ಆದುದರಿಂದ ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಚಕ್ರವು ಒಮ್ಮೆ ಉರುಳುವಷ್ಟರಲ್ಲಿ ಸಂಕ್ರಾಂತಿಯು ಋತುಗಳಿಂದ ಒಂದು ದಿನ ದೂರ ಸರಿಯುವುದು. ಸ್ವಾಮಿ ವಿವೇಕಾನಂದರು ಹುಟ್ಟಿದುದು ೧೮೬೩ನೆಯ ಜನವರಿ ೧೨ರಂದು. ಅದು ಮಕರ ಸಂಕ್ರಾಂತಿಯ ದಿನವಾಗಿತ್ತು. ಈಗ ಸಂಕ್ರಾಂತಿಯು ೧೪ಕ್ಕೋ ೧೫ಕ್ಕೋ ಬರುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಅದು ನಿಜವಾದ ಉತ್ತರಾಯಣದ ದಿನವೇ ಆಗಿತ್ತು. ಇಂದು ಸೂರ್ಯನು ಉತ್ತರಕ್ಕೆ ತಿರುಗಿ ಇಪ್ಪತ್ತಮೂರು ದಿನಗಳಾದ ಮೇಲೆ ನಾವು ‘ಉತ್ತರಾಯಣ ಪುಣ್ಯಕಾಲ’ವೆಂದು ಎಳ್ಳು ಬೀರುತ್ತೇವೆ.

ಹಬ್ಬವು ನಾಲ್ಕು ದಿನ ಆಚೀಚೆಯಾದರೆ ನಷ್ಟವೇನು ಎಂದು ಕೇಳುವವರಿರಬಹುದು. ಅವರು ಹೊಲದ ಕಡೆಗೆ ಸ್ವಲ್ಪ ನೋಡಬೇಕು. ನಮ್ಮ ರೈತರು ಮಳೆಯನ್ನು ನಕ್ಷತ್ರಗಳಿಂದ ಎಣಿಸುವರು: ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ. ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳೇ ಆಯಾ ಮಳೆಯ ಕಾಲ. ಬಿತ್ತನೆ, ನಾಟಿಗಳ ಎಷ್ಟೋ ಗಾದೆಗಳು ಇದನ್ನು ನಂಬಿಕೊಂಡಿವೆ. ಆದರೆ ಮೋಡಗಳು ನಕ್ಷತ್ರವನ್ನು ನೋಡಿ ಬರುವುದಿಲ್ಲ. ಅವು ಋತುವಿನ ಆಳುಗಳು. ಈಗ ಜೂನ್ ತಿಂಗಳ ೨೧, ೨೨ರ ಸುಮಾರಿಗೆ ಹುಟ್ಟುವ ಆರಿದ್ರ ಮಳೆಯು, ವರಾಹಮಿಹಿರನ ಕಾಲದಲ್ಲಿ, ಇಂದಿನ ಲೆಕ್ಕದ ಮೇ ತಿಂಗಳ ಕೊನೆಯಲ್ಲಿಯೇ ಹುಟ್ಟುತ್ತಿತ್ತು. ಗಾದೆಯು ನಿಂತಲ್ಲಿಯೇ ನಿಂತಿದೆ, ನಕ್ಷತ್ರವು ಸರಿದಿದೆ. ಇನ್ನೂ ಸಾವಿರ ವರ್ಷಗಳು ಕಳೆದರೆ ಆರಿದ್ರೆಯು ಜುಲೈ ತಿಂಗಳಿಗೆ ಹೋಗುವುದು. ವರ್ಷದ ಉದ್ದದಲ್ಲಿ ಒಂದು ಘಳಿಗೆಯು ಅಲ್ಪವೆಂದು ತೋರಿದರೂ, ಅದು ಪ್ರತಿ ವರ್ಷವೂ ಸೇರುತ್ತ ಹೋಗುವ ಬಡ್ಡಿಯಂತೆ. ಇಂದು ನಾವು ತೀರಿಸದೆ ಬಿಟ್ಟರೆ ಮುಂದಿನವರ ಹೆಸರಿಗೆ ಅದು ಬರೆಯಲ್ಪಡುವುದು.

ಇದನ್ನು ಸರಿಪಡಿಸುವ ಯತ್ನವೊಂದು ನಡೆದುದುಂಟು. ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯು ಏರ್ಪಟ್ಟು, ೧೯೫೫ರಲ್ಲಿ ವರದಿಯನ್ನೊಪ್ಪಿಸಿತು. ಅದರಂತೆ ೧೯೫೭ನೆಯ ಮಾರ್ಚ್ ೨೨ರಿಂದ, ಶಕ ೧೮೭೯ರ ಚೈತ್ರ ೧ರಿಂದ, ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಅದು ಸಾಯನ ವರ್ಷವನ್ನು ಹಿಡಿದಿದೆ. ವಿಷುವದ ಮರುದಿನವೇ ವರ್ಷಾರಂಭ. ಹಬ್ಬಹರಿದಿನಗಳಿಗಾಗಿ ಸಮಿತಿಯು ಮಧ್ಯಮಾರ್ಗವೊಂದನ್ನು ಸೂಚಿಸಿತ್ತು: ಆಗಿನ ಅಂತರವಾದ ೨೩ ಅಂಶ ೧೫ ಕಲೆಗಳನ್ನು ಅಲ್ಲಿಗೇ ನಿಲ್ಲಿಸಿ, ಇನ್ನು ಮುಂದೆ ಹಬ್ಬಗಳು ಋತುಗಳಿಂದ ದೂರವಾಗದಂತೆ ತಡೆಯುವುದು. ಆ ಸೂಚನೆಯು ಪಂಚಾಂಗಗಳಲ್ಲಿ ನೆಲೆಗೊಳ್ಳಲಿಲ್ಲ. ಸಂಪ್ರದಾಯದವರ ವಾದದಲ್ಲಿ ಹುರುಳಿಲ್ಲದಿಲ್ಲ: ಮಕರ ಸಂಕ್ರಮಣವೆಂದರೆ ಸೂರ್ಯನು ಮಕರವನ್ನು ಸೇರುವುದು, ಆಕಾಶದಲ್ಲಿ ಆಗದುದನ್ನು ಆಯಿತೆಂದು ಹೇಳುವುದು ಹೇಗೆ? ಎರಡು ನಿಜಗಳು ಎದುರೆದುರು ನಿಂತಿರುವುವು. ಆಯ್ಕೆಯು ಗಣಿತಕ್ಕೆ ಸೇರಿದುದಲ್ಲ, ಜನರಿಗೆ ಸೇರಿದುದು. ಗಣಿತವು ಮಾಡಬಹುದಾದುದು ಇಷ್ಟೇ: ಯಾವುದನ್ನು ಆರಿಸಿದರೆ ಯಾವುದನ್ನು ಕಳೆದುಕೊಳ್ಳುವೆವೆಂಬುದನ್ನು ಮರೆಮಾಚದೆ ತಿಳಿಸುವುದು.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ವಿಷಯವು ಪೂರ್ಣವಾಗದು. ವರ್ಷವೂ ಸ್ಥಿರವಲ್ಲ. ಗ್ರಹಗಳ ಸೆಳೆತದಿಂದ ಒಂದೊಂದು ವರ್ಷವು ಸರಾಸರಿಗಿಂತ ಹಲವು ನಿಮಿಷಗಳಷ್ಟು ಹೆಚ್ಚು ಕಡಿಮೆಯಾಗುವುದು. ಸರಾಸರಿ ಸಾಯನ ವರ್ಷವೂ ಶತಮಾನಕ್ಕೆ ಅರ್ಧ ಸೆಕೆಂಡಿನಷ್ಟು ಕುಗ್ಗುತ್ತಿದೆ. ಅಳೆಯುವ ಕೋಲಾದ ದಿನವೂ ಬಹು ಸೂಕ್ಷ್ಮವಾಗಿ ಉದ್ದವಾಗುತ್ತಿದೆ. ಭೂಮಿಯ ತಿರುಗುವಿಕೆಯು ನಂಬತಕ್ಕುದಲ್ಲವೆಂದು ತಿಳಿದಾಗ, ವಿಜ್ಞಾನಿಗಳು ೧೯೫೬ರಲ್ಲಿ ಸೆಕೆಂಡನ್ನು ವರ್ಷದ ಮೂಲಕವೇ ನಿರೂಪಿಸಿದರು: ೧೯೦೦ರ ಸಾಯನ ವರ್ಷದ ೩,೧೫,೫೬,೯೨೫.೯೭೪೭ರಲ್ಲಿ ಒಂದು ಪಾಲೇ ಸೆಕೆಂಡು. ಆದರೆ ಈ ಗೌರವವು ವರ್ಷಕ್ಕೆ ಹೆಚ್ಚು ಕಾಲ ಉಳಿಯಲಿಲ್ಲ. ೧೯೬೭ರಲ್ಲಿ ಸೀಸಿಯಮ್ ಪರಮಾಣುವಿನ ಕಂಪನವು ಆ ಸ್ಥಾನವನ್ನು ಪಡೆಯಿತು. ಇಂದು ಸೂರ್ಯನ ಗಡಿಯಾರವನ್ನು ನಾವು ಪರಮಾಣುವಿನ ಗಡಿಯಾರದಿಂದ ಪರೀಕ್ಷಿಸುತ್ತಿದ್ದೇವೆ.

ಮತ್ತೆ ಗವಿಪುರಕ್ಕೆ ಹಿಂದಿರುಗೋಣ. ಸಂಕ್ರಾಂತಿಯ ದಿನ ಸೂರ್ಯನು ವಿಷುವದ್ವೃತ್ತದಿಂದ ದಕ್ಷಿಣಕ್ಕೆ ಎಷ್ಟು ದೂರದಲ್ಲಿರುವನೋ, ನವೆಂಬರ್ ಕೊನೆಯಲ್ಲಿಯೂ ಅಷ್ಟೇ ದೂರದಲ್ಲಿರುವನು. ಆ ದಿನಗಳ ಸಂಜೆಯೂ ಕಿರಣವು ಅದೇ ದಾರಿಯನ್ನು ಹಿಡಿಯುವುದು. ಅದನ್ನು ಎದುರುಗೊಳ್ಳುವುದಕ್ಕೆ ಆಗ ಜನಸಂದಣಿ ಇರುವುದಿಲ್ಲ, ಅಷ್ಟೆ. ಆ ಕಿಟಕಿಯು ಕಲ್ಲಿನದು. ಅದು ಸಾಯನ ವರ್ಷವನ್ನು ಮಾತ್ರ ಬಲ್ಲುದು. ನಮ್ಮ ಪಂಚಾಂಗವು ನಾಕ್ಷತ್ರ ವರ್ಷವನ್ನು ಬಲ್ಲುದು. ಇಂದಿಗೆ ಎರಡೂ ಒಂದೇ ಸಂಜೆ ಸಂಧಿಸುತ್ತಿವೆ. ಬೆಳಕು ಕೆಲವು ದಿನಗಳ ಕಾಲ ಒಳಬರುವುದರಿಂದ ನಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ವ್ಯತ್ಯಾಸವು ತಿಳಿಯದು. ಆದರೆ ಲೆಕ್ಕವು ಹೀಗೆಯೇ ಸಾಗಿದರೆ, ಸಾವಿರ ವರ್ಷಗಳ ಮೇಲೆ ಸಂಕ್ರಾಂತಿಯು ಜನವರಿಯ ಕೊನೆಗೆ ಸರಿದಿರುವುದು. ಅಂದಿನ ಜನರು ಗುಡಿಯಲ್ಲಿ ಕಾದು ನಿಂತಾಗ, ಸೂರ್ಯನು ಎರಡು ವಾರಗಳ ಹಿಂದೆಯೇ ಬಂದು ಹೋಗಿರುವನು. ಅವರು ದಿನವನ್ನು ತಿದ್ದಿಕೊಳ್ಳುವರೋ, ನಕ್ಷತ್ರವನ್ನೇ ನೆಚ್ಚುವರೋ ಅವರಿಗೆ ಬಿಟ್ಟುದು. ನಾವು ಕಂಡುದನ್ನು ಸರಿಯಾಗಿ ಬರೆದಿಟ್ಟು ಹೋದರೆ, ಎಣಿಸುವ ಕೆಲಸವನ್ನು ಅವರು ಮಾಡಿಕೊಳ್ಳುವರು.